ಟೊಮೆಟೊ ಕುಂಡ ಮಾರುವ ಮುಂಚೆ ಒಂದು ಮಾತು

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ತಾರಸಿ ಮೇಲೆ ಟೊಮೆಟೊ ಬೆಳೆಯೋಕೆ ಅವರು ನಾಲ್ಕು ಸಾವಿರ ರೂಪಾಯಿ ಸುರಿದರಂತೆ. ಸಿಕ್ಕಿದ್ದು ಏಳು ಹಣ್ಣು. ಅದರಲ್ಲೂ ಎರಡು ಅಳಿಲಿನ ಪಾಲು. ಕುಂಡ, ಮಣ್ಣು ಎಲ್ಲವನ್ನೂ ಬಂದಷ್ಟು ದುಡ್ಡಿಗೆ ಮಾರಿಬಿಡುತ್ತೇನೆ, ಪೇಟೆಯವರಿಗೆ ಈ ಹುಚ್ಚು ಬೇಡ ಎಂದು ಪತ್ರ ಮುಗಿಸಿದ್ದರು.

ಅದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಏಳು ಬಂದಿದೆಯಲ್ಲ, ಪುಣ್ಯವಂತರು ಬಿಡಿ" ಅಂದಳು. ಹೋದ ವರ್ಷ ನಮ್ಮ ತಾರಸಿಯಲ್ಲಿ ನಡೆದದ್ದು ಗೊತ್ತಿದ್ದರೆ ಆ ಮಾತಿನ ಖಾರ ಎಷ್ಟು ಅಂತ ತಿಳಿಯುತ್ತದೆ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಉದ್ದವಾದರೆ ಕತ್ತರಿಸಿ. ಆದರೆ ಲೆಕ್ಕದ ಭಾಗ ಮಾತ್ರ ಕತ್ತರಿಸಬೇಡಿ.

ನಾನು 1990ರಲ್ಲಿ ಬೆಂಗಳೂರಿನ ಸಿಟಿ ಬಸ್ ಸಂಸ್ಥೆ ಬಿಟಿಎಸ್‌ಗೆ ಕಂಡಕ್ಟರ್ ಆಗಿ ಸೇರಿದವನು. ಅದು ಬಿಎಂಟಿಸಿ ಆದ ಮೇಲೂ ಅಲ್ಲೇ ದುಡಿದು 2021ರಲ್ಲಿ ನಿವೃತ್ತನಾದೆ. ಲಗ್ಗೆರೆಯಲ್ಲಿ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮನೆ. ಮೇಲೆ ಒಂದು ತಾರಸಿ, ಒಂದು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಎರಡು ತಂತಿ. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಮ್ಮ ಈಗಲೂ ಅಲ್ಲೇ ಇದ್ದಾನೆ, ಎರಡು ಎಕರೆಯಲ್ಲಿ ಟೊಮೆಟೊ ಬೆಳೆದು ವಡ್ಡಹಳ್ಳಿ ಮಾರ್ಕೆಟ್ಟಿಗೋ ಕೋಲಾರದ ಎಪಿಎಂಸಿಗೋ ಹಾಕುತ್ತಾನೆ. ನಾನು ಮಾತ್ರ ಹದಿನೆಂಟಕ್ಕೇ ಊರು ಬಿಟ್ಟವನು. ಹಾಗಾಗಿ ಟೊಮೆಟೊ ವಿಷಯದಲ್ಲಿ ನನಗೆ ರೈತನ ಮನೆಯವನು ಅನ್ನುವ ಜಂಬ ಇತ್ತು, ರೈತನ ತಿಳಿವಳಿಕೆ ಇರಲಿಲ್ಲ.

ಶುರುವಾಗಿದ್ದು 2023ರ ಜುಲೈನಲ್ಲಿ. ನೆನಪಿದೆ ಅಲ್ವಾ? ಟೊಮೆಟೊ ಕೆ.ಜಿ.ಗೆ ನೂರು ದಾಟಿ ಮೇಲಕ್ಕೆ ಹೋಗಿತ್ತು. ಕೋಲಾರದಲ್ಲಿ ಹದಿನೈದು ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದೆ ಅಂತ ನಿಮ್ಮ ಪತ್ರಿಕೆಯಲ್ಲೇ ಮುಖಪುಟದಲ್ಲಿ ಬಂದಿತ್ತು. ನಮ್ಮ ಬೀದಿ ಕೊನೆಯ ಅಂಗಡಿಯವನು ಟೊಮೆಟೊವನ್ನು ಒಳಗೆ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇಟ್ಟುಕೊಂಡಿದ್ದ. ನಾವು ಸಾರಿಗೆ ಹುಣಸೆಹಣ್ಣು ಜಾಸ್ತಿ ಮಾಡಿಕೊಂಡೆವು. ಆ ಸಿಟ್ಟಿನಲ್ಲೇ ನಾಲ್ಕು ಪೇಂಟ್ ಡಬ್ಬಕ್ಕೆ ಮಣ್ಣು ತುಂಬಿ, ಕೊಳೆತ ಹಣ್ಣಿನ ಬೀಜ ಚೆಲ್ಲಿದೆ. ಆ ಚಳಿಗಾಲ ಏನೂ ಮಾಡದೆ ಹಣ್ಣು ಬಂತು. ಅದೇ ತಪ್ಪಾಗಿದ್ದು. ಮೊದಲ ಸಲ ಇಸ್ಪೀಟು ಆಡಿ ಗೆದ್ದವನ ಹಾಗೆ ತಲೆ ತಿರುಗಿತು.

2024ರ ಫೆಬ್ರುವರಿಯಲ್ಲಿ ಹದಿನಾಲ್ಕು ಸಸಿ ತಂದೆ. ನರ್ಸರಿ ಹೆಸರು ಬೇಡ. ಕೇಳಿದ್ದಕ್ಕೆ "ಹೈಬ್ರಿಡ್ಡು ಸಾರ್, ಕಣ್ಣು ಮುಚ್ಚಿ ಹಾಕಿ" ಅಂದರು. ನಾನೂ ಕಣ್ಣು ಮುಚ್ಚಿಯೇ ಹಾಕಿದೆ.

ಇಲ್ಲಿ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನಮ್ಮ ಕಾಲದಲ್ಲಿ ಕಂಡಕ್ಟರ್ ಕೈಯಲ್ಲಿ ವೇಬಿಲ್ ಇರುತ್ತಿತ್ತು. ಯಾವ ಸ್ಟೇಜಿನಲ್ಲಿ ಯಾವ ಟಿಕೆಟ್ ಎಷ್ಟನೇ ನಂಬರಿಗೆ ಬಂತು ಅಂತ ಬರೆಯದೆ ಬಸ್ಸು ಮುಂದೆ ಹೋಗುವಂತಿರಲಿಲ್ಲ. ಚೆಕಿಂಗ್‌ನವರು ಹತ್ತಿದರೆ ಮೊದಲು ಕೈ ಚಾಚುವುದೇ ಅದಕ್ಕೆ. ಮೆಷಿನ್ ಬಂದ ಮೇಲೂ ನನಗೆ ಆ ಚಾಳಿ ಹೋಗಲಿಲ್ಲ. ಈಗ ಗಿಡಕ್ಕೂ ವೇಬಿಲ್ ಬರೆಯುತ್ತೇನೆ. ಒಂದರಿಂದ ಹದಿನಾಲ್ಕರವರೆಗೆ ಡಬ್ಬಕ್ಕೆ ನಂಬರು. ಹೂ ಬಿಟ್ಟ ದಿನ, ನೀರು ಎಷ್ಟು ಚೊಂಬು, ಸತ್ತರೆ ಸತ್ತ ದಿನ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ ಬಂತು. ಆ ವರ್ಷದ ಮಾರ್ಚ್ ಬೆಂಗಳೂರಿನವರು ಯಾರೂ ಮರೆಯೋದಿಲ್ಲ. ನಮ್ಮ ಬೀದಿಯ ಬೋರ್‌ವೆಲ್ ಬರೀ ಗಾಳಿ ಉಗುಳಿತು. ಟ್ಯಾಂಕರಿಗೆ ಫೋನ್ ಮಾಡಿದರೆ ನಾಳೆ ಅನ್ನೋರು, ನಾಳೆ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯ ಆದೇಶ ಬಂತು. ಸರಿಯಾದ ಆದೇಶವೇ. ಬೀದಿಯಲ್ಲಿ ಬಿಂದಿಗೆ ಸಾಲು ನಿಂತಿರುವಾಗ ನಾನು ಮೇಲೆ ಟೊಮೆಟೊಗೆ ಪೈಪು ಹಿಡಿದರೆ ಯಾರು ಸುಮ್ನಿರುತ್ತಾರೆ? ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿದೆ. ಹದಿನಾಲ್ಕು ಡಬ್ಬಕ್ಕೆ ಅದು ಯಾವ ಮೂಲೆಗೆ? ಆಗ ಬುದ್ಧಿವಂತಿಕೆ ಮಾಡಿ ವಾಷಿಂಗ್ ಮೆಷಿನ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಎರಡು ಡಬ್ಬಕ್ಕೆ ಹಾಕತೊಡಗಿದೆ. ಮೂರನೇ ವಾರಕ್ಕೆ ಮಣ್ಣಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ. ಎಲೆ ಅಂಚು ಸುಟ್ಟು ಸುರುಟಿತು. ಸೋಪಿನ ಪುಡಿಯ ಉಪ್ಪು ಮಣ್ಣಲ್ಲೇ ಕೂತುಬಿಡುತ್ತದೆ, ಕುಂಡದ ಮಣ್ಣಿಗೆ ಅದನ್ನು ಕಳೆದುಕೊಳ್ಳೋಕೆ ದಾರಿ ಇಲ್ಲ. ಆರನೇ ನಂಬರು, ಹನ್ನೊಂದನೇ ನಂಬರು, ಯುಗಾದಿಗೆ ಮುಂಚೆಯೇ ಇಳಿದು ಹೋದವು. ಇದಕ್ಕೆ ನಾನೇ ಹೊಣೆ.

ಉಳಿದ ಹನ್ನೆರಡರಲ್ಲಿ ಏಪ್ರಿಲ್‌ನಲ್ಲಿ ಹೂವೋ ಹೂವು. ಗೊಂಚಲು ನೋಡಿ ನನ್ನ ಹೆಂಡತಿಗೆ ಗೊಜ್ಜಿನ ಆಸೆ ಹತ್ತಿಸಿದೆ. ಬೆಳಿಗ್ಗೆ ಎದ್ದು ಹೋದರೆ ಹೂವೆಲ್ಲ ಡಬ್ಬದ ಸುತ್ತ ಉದುರಿ ಬಿದ್ದಿರುತ್ತಿದ್ದವು. ತೊಟ್ಟಿನ ಮಧ್ಯೆ ಒಂದು ಗಂಟು ಇರುತ್ತಲ್ಲ, ಸರಿಯಾಗಿ ಅಲ್ಲಿಗೇ ಕಳಚಿ. ಯಾರೋ ದೃಷ್ಟಿ ಹಾಕಿದ್ದಾರೆ ಅಂತ ಅತ್ತೆ ಒಂದು ಮೆಣಸಿನಕಾಯಿ-ನಿಂಬೆಹಣ್ಣು ಕಟ್ಟಿಸಿದರು. ಆಮೇಲೆ ಗೊತ್ತಾಯಿತು: ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಣಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸ ಮಾಡೋದಿಲ್ಲ. ಗಿಡ ಹೂವನ್ನು ತಾನೇ ಉದುರಿಸುತ್ತದೆ. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ. ಅದು ಹವಾಮಾನ ಇಲಾಖೆಯ ನೆರಳಿನ ಲೆಕ್ಕ. ಸಿಮೆಂಟ್ ತಾರಸಿ ಮೇಲೆ, ಕಪ್ಪು ಡಬ್ಬದೊಳಗೆ ಎಷ್ಟಿತ್ತೋ, ನಾನು ಚಪ್ಪಲಿ ಇಲ್ಲದೆ ಕಾಲಿಡಲಾಗುತ್ತಿರಲಿಲ್ಲ. ಪತ್ರ ಬರೆದವರೂ "ಬೇಸಿಗೆಯಲ್ಲಿ ಹೂ ಬಂತು, ಕಾಯಿ ಬರಲಿಲ್ಲ" ಅಂದಿದ್ದರು. ಅವರ ಗಿಡಕ್ಕೆ ರೋಗ ಇರಲಿಲ್ಲ ಅಂತಲೇ ನನ್ನ ಅಂದಾಜು. ತಿಂಗಳು ತಪ್ಪಿತ್ತು ಅಷ್ಟೇ.

ಇದರ ಜೊತೆಗೆ ಸಂಡಿಗೆ ಜಗಳ. ಮಾರ್ಚ್-ಏಪ್ರಿಲ್ ಅಂದರೆ ನಮ್ಮ ಮನೆಯಲ್ಲಿ ತಾರಸಿ ಹಪ್ಪಳ ಸಂಡಿಗೆಗೆ ಮೀಸಲು. ಮೂವತ್ತು ವರ್ಷದ ಹಕ್ಕು. ನನ್ನ ಡಬ್ಬಗಳ ನೆರಳು ಅವಳ ಸಂಡಿಗೆ ಮೇಲೆ, ಅವಳ ಸೀರೆ ನನ್ನ ಗಿಡದ ಮೇಲೆ. ಆ ವಿವರ ಪತ್ರಿಕೆಗೆ ಬೇಡ.

ಮೇ ತಿಂಗಳಲ್ಲಿ ಐದು ಗಿಡದ ತುದಿ ಎಲೆಗಳು ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿಕೊಂಡು, ಚಿಕ್ಕದಾಗಿ, ಹಳದಿ ತಿರುಗಿದವು. ಗಿಡ ಅಲ್ಲಿಗೇ ಗಿಡ್ಡಾಗಿ ನಿಂತಿತು. ಪಕ್ಕದ ಮನೆಯವರು "ಪೌಷ್ಟಿಕಾಂಶ ಕಮ್ಮಿ, ಗೊಬ್ಬರ ಹಾಕಿ" ಅಂದರು. ಹಾಕಿದೆ. ಎದುರು ಮನೆಯವರು "ಉಷ್ಣ ಜಾಸ್ತಿ, ಮಜ್ಜಿಗೆ ಹಾಕಿ" ಅಂದರು. ಅದನ್ನೂ ಹಾಕಿದೆ. ಎಲೆ ಅಲ್ಲಾಡಿಸಿದರೆ ಹಿಟ್ಟಿನ ಹಾಗೆ ಸಣ್ಣ ಬಿಳಿ ನೊಣ ಹಾರುತ್ತಿದ್ದವು, ಅದನ್ನು ಕಂಡೂ ಕಾಣದಂತೆ ಇದ್ದೆ. ಎಲೆ ಮುದುಡು ರೋಗ. ಬಿಳಿನೊಣ ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ವೈರಸ್ ದಾಟಿಸುತ್ತದೆ. ಬಂದ ಮೇಲೆ ಔಷಧಿ ಇಲ್ಲ, ಕಿತ್ತು ಹಾಕುವುದೊಂದೇ. ಈ ರೋಗ ತರುವ ವೈರಸ್‌ಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ: ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್. ಊರಿನ ಹೆಸರು ಬದಲಾಯಿಸಿದವರು ಇದನ್ನು ಮರೆತರು ಅನ್ನಿಸುತ್ತದೆ. ಇರಲಿ. ನಾನು ಕೀಳಲಿಲ್ಲ, ಮೂರು ವಾರ ಮಜ್ಜಿಗೆ ಹಾಕುತ್ತಾ ಕೂತೆ. ಒಂದು ಗಿಡದಲ್ಲಿ ಇದ್ದದ್ದು ಐದಕ್ಕೆ ಹರಡಿದ್ದು ಹಾಗೆ.

ಹೇಗೋ ಕಟ್ಟಿದ ಕೆಲವು ಕಾಯಿಗಳ ಕೆಳತುದಿ ಕಪ್ಪಾಗಿ, ಚರ್ಮದ ಹಾಗೆ ಕುಳಿ ಬಿತ್ತು. ಇದೂ ರೋಗ ಅಂತ ಏನೋ ತಂದು ಸಿಂಪಡಿಸಿದೆ, ಅದಕ್ಕೊಂದು ಇನ್ನೂರು ರೂಪಾಯಿ. ಆಮೇಲೆ ವೇಬಿಲ್ ತೆರೆದು ನೋಡಿದರೆ ಉತ್ತರ ಅಲ್ಲೇ ಇತ್ತು. ಟ್ಯಾಂಕರ್ ಬಂದ ದಿನ ಡಬ್ಬಕ್ಕೆ ನಾಲ್ಕು ಚೊಂಬು. ಮರುದಿನ ಸೊನ್ನೆ, ಅದರ ಮರುದಿನವೂ ಸೊನ್ನೆ. ಮಣ್ಣಲ್ಲಿ ಸುಣ್ಣದಂಶ ಇದ್ದರೂ ನೀರು ಏರುಪೇರಾದರೆ ಅದು ಕಾಯಿಯ ತುದಿಗೆ ತಲುಪೋದಿಲ್ಲ, ತುದಿ ಸತ್ತು ಕಪ್ಪಾಗುತ್ತದೆ. ಸಿಂಪಡಿಸಿದ ಇನ್ನೂರು ರೂಪಾಯಿಯಿಂದ ಯಾರಿಗೆ ಉಪಯೋಗವಾಯಿತೋ ಗೊತ್ತಿಲ್ಲ, ಕಾಯಿಗಂತೂ ಆಗಲಿಲ್ಲ.

ಆಮೇಲೆ ಜೂನ್ 2, ಭಾನುವಾರ. ಒಂದೇ ದಿನ 111 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು ಅಂತ ಮರುದಿನ ಪತ್ರಿಕೆಯಲ್ಲಿ ಓದಿದೆ. ಮಾರ್ಚ್‌ನಲ್ಲಿ ಒಂದು ಚೊಂಬಿಗೆ ಅತ್ತಿದ್ದ ಡಬ್ಬಗಳು ಈಗ ತುಂಬಿ ತುಳುಕಿದವು. ತಳದ ತೂತು ತಾರಸಿಗೆ ಅಂಟಿಕೊಂಡು ನೀರು ಇಳಿಯಲೇ ಇಲ್ಲ. ಆ ವಾರದಲ್ಲಿ ಮೂರು ಗಿಡ, ಎಲೆ ಹಸಿರಾಗಿರುವಾಗಲೇ, ಬಿಸಿನೀರು ಹೊಯ್ದ ಹಾಗೆ ಜೋತು ಬಿದ್ದವು.

ಅದೇ ಹೊತ್ತಿಗೆ ತಮ್ಮ ಯಾವುದೋ ಮದುವೆಗೆ ಬಂದಿದ್ದ. ಮೇಲೆ ಕರೆದುಕೊಂಡು ಹೋಗೋಕೆ ನನಗೆ ನಾಚಿಕೆ. ಅವನೇ ಹತ್ತಿ ಬಂದ. ಸುತ್ತ ಒಂದು ಸಲ ನೋಡಿ, "ಏನಣ್ಣಾ, ಆಸ್ಪತ್ರೆ ಇಟ್ಟಿದ್ದೀಯಾ?" ಅಂದ. ಜೋತುಬಿದ್ದ ಗಿಡ ತೋರಿಸಿ, ನೀರು ಜಾಸ್ತಿಯಾಗಿ ಬೇರು ಕೊಳೆತಿದೆ ಅಂದೆ. ಅವನು ಮಾತಾಡದೆ ಗಿಡ ಕಿತ್ತು, ಬುಡದ ಕಾಂಡ ಚಾಕುವಿನಲ್ಲಿ ಕೊಯ್ದು, "ಒಂದು ಲೋಟ ನೀರು ತಾ ಅಣ್ಣ, ಗಾಜಿಂದು" ಅಂದ. ಲೋಟದ ನೀರಿನಲ್ಲಿ ಕಾಂಡದ ಕೊಯ್ದ ತುದಿಯನ್ನು ಅಲ್ಲಾಡಿಸದೆ ಹಿಡಿದ. ಒಂದೆರಡು ನಿಮಿಷಕ್ಕೆ ಕೊಯ್ದ ಜಾಗದಿಂದ ಹಾಲಿನ ಎಳೆ ಹಾಗೆ ಬೆಳ್ಳಗೆ ಸಣ್ಣಗೆ ಇಳಿಯತೊಡಗಿತು. ಅಗರಬತ್ತಿ ಹೊಗೆಯನ್ನು ತಲೆಕೆಳಗು ಮಾಡಿದರೆ ಹೇಗೆ ಕಾಣುತ್ತದೋ ಹಾಗೆ.

"ದುಂಡಾಣು ಸೊರಗು ರೋಗ" ಅಂದ. "ಬರೀ ನೀರಿಗೆ ಕೊಳೆತಿದ್ದರೆ ಹಿಂಗೆ ಇಳಿಯಲ್ಲ. ಮಣ್ಣು ಎಲ್ಲಿಂದ ತಂದೆಯೋ ಅದರಲ್ಲೇ ಬಂದಿದೆ. ಈ ಮಣ್ಣಲ್ಲಿ ಇನ್ನು ಟಮೋಟ ಬ್ಯಾಡ, ಬದನೆ ಬ್ಯಾಡ, ಮೆಣಸಿನಕಾಯಿ ಬ್ಯಾಡ, ಶುಂಠಿನೂ ಬ್ಯಾಡ. ಸೊಪ್ಪು ಗಿಪ್ಪು ಹಾಕ್ಕೋ."

ನನಗೆ ಆ ಲೋಟ ನೋಡಿ ಏನೋ ಒಂಥರಾ ಸಮಾಧಾನ ಆಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಗಿಡ ಯಾಕೆ ಸತ್ತಿತು ಅಂತ ಕಣ್ಣಾರೆ ಕಂಡಿದ್ದೆ. ಅವತ್ತು ರಾತ್ರಿ ಹದಿನಾಲ್ಕು ಗಿಡದ ಲೆಕ್ಕ ಬರೆದೆ. ಸೋಪಿನ ನೀರಿಗೆ ಎರಡು. ಮುದುಡು ರೋಗಕ್ಕೆ ಐದು. ಸೊರಗು ರೋಗಕ್ಕೆ ಮೂರು. ಬದುಕಿ ಉಳಿದ ನಾಲ್ಕರಿಂದ ಒಟ್ಟು 2 ಕೆ.ಜಿ. 150 ಗ್ರಾಂ ಹಣ್ಣು. ಖರ್ಚು 2,860 ರೂಪಾಯಿ. ಭಾಗಿಸಿದರೆ ಕೆ.ಜಿ.ಗೆ 1,330 ರೂಪಾಯಿ. 2023ರ ಜುಲೈನಲ್ಲೂ ಆ ರೇಟು ಇರಲಿಲ್ಲ ಸ್ವಾಮಿ. ನನ್ನ ಹೆಂಡತಿ ಅದರಲ್ಲಿ ಒಂದು ಸಲ ಗೊಜ್ಜು ಮಾಡಿ ಬಡಿಸಿ, "ನಿಧಾನಕ್ಕೆ ತಿನ್ನಿ, ದುಬಾರಿದು" ಅಂದಳು. ಮಗಳು ಫೋನಿನಲ್ಲಿ, "ಅಪ್ಪಾ, ಆರ್ಡರ್ ಮಾಡಿದರೆ ಹತ್ತು ನಿಮಿಷಕ್ಕೆ ಮನೆಗೇ ಬರುತ್ತೆ" ಅಂದಳು.

ನಾನೂ ಆಗ ಡಬ್ಬ ಮಾರೋಣ ಅಂತಲೇ ಇದ್ದೆ. ಗುಜರಿಯವನು ಒಂದಕ್ಕೆ ಹದಿನೈದು ರೂಪಾಯಿ ಅಂದಿದ್ದ.

ಮಾರಲಿಲ್ಲ. ಯಾಕೆ ಅಂದರೆ ತಮ್ಮ ಹೊರಡುವಾಗ ಆಡಿದ ಒಂದು ಮಾತು. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ಇದ್ದಾಗ ಅವನ ಹೊಲದಲ್ಲಿ ಇದ್ದದ್ದು ಬರೀ ಹೂವು. ಹಣ್ಣು ಬರುವ ಹೊತ್ತಿಗೆ ಸೆಪ್ಟೆಂಬರ್, ಬೆಲೆ ನೆಲಕ್ಕೆ ಬಿದ್ದಿತ್ತು. ಬಿಡಿಸುವ ಕೂಲಿ, ಬಾಕ್ಸು, ಟೆಂಪೊ ಬಾಡಿಗೆ ಸೇರಿಸಿದರೆ ಮಾರ್ಕೆಟ್ಟಿಗೆ ಒಯ್ಯುವುದೇ ನಷ್ಟ. ಹಣ್ಣು ಹೊಲದಲ್ಲೇ ಬಿಟ್ಟ. ಆ ವಿಷಯ ನನಗೆ ಅವತ್ತೇ ಗೊತ್ತಾಗಿದ್ದು, ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ. "ಆಮೇಲೆ ಏನು ಮಾಡಿದೆಯೋ?" ಅಂದೆ. "ಏನು ಮಾಡೋದಣ್ಣ, ಕಡ್ಡಿ ಕಿತ್ತು, ಉತ್ತು, ಮತ್ತೆ ನಾಟಿ ಮಾಡಿದೆ" ಅಂದ, ಬಸ್ಸು ತಪ್ಪಿದರೆ ಮುಂದಿನದಕ್ಕೆ ಹತ್ತುವವರ ಹಾಗೆ. ಅವನ ಸೋಲಿಗೂ ನನ್ನ ಸೋಲಿಗೂ ಹೋಲಿಕೆ ಮಾಡಿದರೆ ನಾಚಿಕೆಯಾಗಬೇಕು. ಅವನಿಗೆ ಬ್ಯಾಂಕಿನ ಸಾಲ, ಮಗನ ಕಾಲೇಜು ಫೀಸು. ನನಗೆ ಪಿಂಚಣಿ ಇದೆ, ಹೋದದ್ದು ಹದಿನಾಲ್ಕು ಪೇಂಟ್ ಡಬ್ಬ.

ಸೆಪ್ಟೆಂಬರ್‌ವರೆಗೆ ಸುಮ್ಮನಿದ್ದೆ. ಆಮೇಲೆ ಹೆಸರಘಟ್ಟಕ್ಕೆ ಹೋದೆ. ನಾನೇ ವರ್ಷಗಟ್ಟಲೆ ಟಿಕೆಟ್ ಹರಿದ ರೂಟು. ಅಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ ಅಂತ ಜನರನ್ನು ಇಳಿಸಿದ್ದೇನೆ, ಒಳಗೆ ಕಾಲಿಟ್ಟದ್ದು ಇದೇ ಮೊದಲು. ಅವರ ಅರ್ಕಾ ರಕ್ಷಕ್ ಅನ್ನುವ ಟೊಮೆಟೊ ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಎಲೆಗೆ ಚುಕ್ಕೆ ಬರುವ ಮೊದಲ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತದೆ. ನನ್ನ ಲೆಕ್ಕದ ಪುಸ್ತಕದಲ್ಲಿ ಎಂಟು ಗಿಡ ಕೊಂದ ಎರಡೂ ರೋಗ ಆ ಪಟ್ಟಿಯಲ್ಲಿದ್ದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರೂ ಮುದುಡು ರೋಗಕ್ಕೆ ಬಗ್ಗದ ನಂದಿ, ಸಂಕ್ರಾಂತಿ, ವೈಭವ್ ಅನ್ನುವ ತಳಿಗಳನ್ನು ಮಾಡಿದ್ದಾರೆ. ಇದೆಲ್ಲ ನನ್ನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ನಡೆಯುತ್ತಿತ್ತು. ನಾನು ಮಜ್ಜಿಗೆ ಹಾಕುತ್ತಿದ್ದೆ.

ಒಂದು ಎಚ್ಚರಿಕೆ: ಅರ್ಕಾ ರಕ್ಷಕ್ ಹೈಬ್ರಿಡ್. ಅದರ ಹಣ್ಣಿನ ಬೀಜ ಎತ್ತಿಟ್ಟರೆ ಮರುವರ್ಷ ಅದೇ ಗುಣ ಬರೋದಿಲ್ಲ, ಹೊಸ ಬೀಜವೇ ಕೊಳ್ಳಬೇಕು. ಎತ್ತಿಡುವ ಆಸೆಗೆ ಊರಿಂದ ಒಂದು ಚಿಟಿಕೆ ನಾಟಿ ಬೀಜವನ್ನೂ ತರಿಸಿದೆ. ಹುಳಿ ಟಮೋಟ ಅದು. ಅಮ್ಮ ಇದ್ದಾಗ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಬಟ್ಟೆ ಗಂಟಿನಲ್ಲಿ ಕಟ್ಟಿ ಜಂತಿಗೆ ಸಿಕ್ಕಿಸುತ್ತಿದ್ದಳು.

ಸೆಪ್ಟೆಂಬರ್ 18ಕ್ಕೆ ಟ್ರೇಯಲ್ಲಿ ಬೀಜ ಹಾಕಿದೆ. ಸಸಿ ಎಳೆಯದಿದ್ದಾಗ ಬಿಳಿನೊಣ ಮುಟ್ಟದಂತೆ ಕಾಯಬೇಕು ಅಂತ ಕೇಳಿದ್ದೆ. ಹಳೆ ಸೊಳ್ಳೆ ಪರದೆ ಹೊದಿಸಿ ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. "ಸೊಳ್ಳೆ ನಿಲ್ಲುತ್ತೆ ಅಣ್ಣ, ಬಿಳಿನೊಣ ಬಾಗಿಲು ತೆಗೆದಂಗೆ ಒಳಕ್ಕೆ ಬರುತ್ತೆ" ಅಂದ. ಸಣ್ಣ ಕಣ್ಣಿನ ನೈಲಾನ್ ಪರದೆ ಬೇಕಂತೆ. ನನ್ನ ಹೆಂಡತಿ ಬೀರು ತೆಗೆದು ಒಂದು ಹಳೆ ವಾಯಿಲ್ ಸೀರೆ ಕೊಟ್ಟಳು. ಅವಳು ಈ ಸಲ ಮಾಡಿದ ಮೊದಲ ಸಹಾಯ ಅದು. ಬದಲಿಗೆ ಒಂದು ಷರತ್ತು ಹಾಕಿದಳು, ಕೊನೆಗೆ ಹೇಳುತ್ತೇನೆ.

ಹದಿನಾಲ್ಕು ಬೇಡ, ಆರು ಸಾಕು ಅಂತ ಮೊದಲೇ ತೀರ್ಮಾನ. ನಾಲ್ಕು ರಕ್ಷಕ್, ಎರಡು ನಾಟಿ. ಹೊಸ ಮಣ್ಣು. ಹಳೆ ಮಣ್ಣನ್ನು ಬೇರೆ ಡಬ್ಬದಲ್ಲಿಟ್ಟು ಮೆಂತ್ಯ, ದಂಟು ಹಾಕಿದೆ. ಸೊರಗು ರೋಗದ ಮಣ್ಣು ಕೆದಕಿದ ಸಲಾಕೆಯನ್ನು ಈ ಕಡೆಗೆ ತರೋದಿಲ್ಲ. ಪ್ರತಿ ಡಬ್ಬದ ಕೆಳಗೆ ಮೂರು ಇಟ್ಟಿಗೆ. ಅಕ್ಟೋಬರ್ ಮಧ್ಯದಲ್ಲಿ ನೆಡಬೇಕಿತ್ತು, ಆ ವಾರ ಬೆಂಗಳೂರಿನಲ್ಲಿ ಸುರಿದ ಮಳೆಗೆ ಯಲಹಂಕದ ಕಡೆ ಅಪಾರ್ಟ್‌ಮೆಂಟುಗಳಿಗೇ ದೋಣಿ ಹೋಗಿತ್ತು. ಕಾದು 27ಕ್ಕೆ ನೆಟ್ಟೆ. ಕಾಂಡವನ್ನು ಮೊದಲ ಎಲೆಗಳವರೆಗೆ ಮಣ್ಣಿನಲ್ಲಿ ಹೂತೆ, ಟೊಮೆಟೊ ಕಾಂಡದಲ್ಲೂ ಬೇರು ಬಿಡುತ್ತದೆ. ಮಣ್ಣಿನ ಮೇಲೆ ತೆಂಗಿನ ನಾರು ಹೊದಿಸಿದೆ. ನೀರು ಬೆಳಿಗ್ಗೆ, ಒಂದೇ ಅಳತೆ. ಬೆರಳು ಮಣ್ಣಿಗೆ ಚುಚ್ಚಿ ನೋಡದೆ ಚೊಂಬು ಎತ್ತೋದಿಲ್ಲ. ಬಿಳಿನೊಣಕ್ಕೆ ಹಳದಿ ಬಣ್ಣ ಅಂದರೆ ಪ್ರಾಣ. ಹಳದಿ ಪ್ಲಾಸ್ಟಿಕ್ ತಟ್ಟೆಗೆ ಹರಳೆಣ್ಣೆ ಸವರಿ ತೂಗುಹಾಕಿದೆ, ವಾರಕ್ಕೆ ಎಷ್ಟು ಅಂಟಿದವು ಅಂತ ಎಣಿಸುವುದೂ ವೇಬಿಲ್‌ನಲ್ಲಿ ಸೇರಿತು.

ಹೂ ಬಂದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಂಡವನ್ನು ಮೆಲ್ಲಗೆ ತಟ್ಟುತ್ತೇನೆ. ಬಯಲಲ್ಲಿ ಗಾಳಿ, ದುಂಬಿ ಮಾಡುವ ಕೆಲಸ, ನಮ್ಮ ತಾರಸಿಗೆ ದುಂಬಿ ಕಮ್ಮಿ. ಬಸ್ಸಿನ ತಗಡು ತಟ್ಟಿ "ರೈಟ್" ಅಂದ ಹಾಗೇ ಇರುತ್ತದೆ. ಮೊಮ್ಮಗ ಬಂದಾಗ ಅವನು ನಿಜವಾಗಿಯೂ "ರೈಟ್ ರೈಟ್" ಅಂತಾನೆ.

ಎಲ್ಲ ಸಲೀಸಾಗಿ ಆಯಿತು ಅಂತ ತಿಳಿಯಬೇಡಿ. ನೆಟ್ಟ 27ನೇ ದಿನ ಒಂದು ನಾಟಿ ಗಿಡಕ್ಕೆ ಮುದುಡು ಬಂತು. ಈ ಸಲ ಮಜ್ಜಿಗೆ ಇಲ್ಲ, ಅವತ್ತೇ ಕಿತ್ತು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿದೆ. ಕೈ ಸ್ವಲ್ಪ ತಡೆದಿದ್ದು ನಿಜ, ಅದರಲ್ಲಿ ಮೊದಲ ಹೂಗೊಂಚಲು ಇತ್ತು. ಡಿಸೆಂಬರ್ ಮೊದಲ ದಿನಗಳಲ್ಲಿ ಫೆಂಜಲ್ ಚಂಡಮಾರುತದ ಜಿಟಿಜಿಟಿ ಮಳೆಗೆ ಕೆಳಗಿನ ಎಲೆಗಳಲ್ಲಿ ಚುಕ್ಕೆ ಕಂಡವು. ನೆಲಕ್ಕೆ ತಾಗುವ ಎಲೆ ಕತ್ತರಿಸಿ ಹಾಕಿದೆ, ಅಲ್ಲಿಗೇ ನಿಂತಿತು. ಅಳಿಲು ನಮ್ಮಲ್ಲೂ ಬರುತ್ತದೆ. ಹಣ್ಣು ಬಣ್ಣ ತಿರುಗಲು ಶುರುವಾದ ಕೂಡಲೇ ಕಿತ್ತು ಒಳಗಿಟ್ಟರೆ ಅಡುಗೆಮನೆ ಕಟ್ಟೆ ಮೇಲೆ ಚೆನ್ನಾಗಿಯೇ ಹಣ್ಣಾಗುತ್ತದೆ. ಆ ಏಳರಲ್ಲಿ ಎರಡು ಕಳೆದುಕೊಂಡವರು ಇದನ್ನು ಗಮನಿಸಲಿ.

ಮೊದಲ ಹಣ್ಣು ಸಂಕ್ರಾಂತಿ ಹಿಂದಿನ ದಿನ. ನಿನ್ನೆ ಸಂಜೆವರೆಗೆ ಐದು ಗಿಡದಿಂದ 9 ಕೆ.ಜಿ. 400 ಗ್ರಾಂ. ಬೀಜ, ಹೊಸ ಮಣ್ಣು, ಗೊಬ್ಬರ, ದಾರ ಸೇರಿ ಖರ್ಚು 640 ರೂಪಾಯಿ. ಕೆ.ಜಿ.ಗೆ 68 ರೂಪಾಯಿ ಬಿತ್ತು. ಅಂಗಡಿಯಲ್ಲಿ 2025ರ ಈ ಬೇಸಿಗೆಯ ಶುರುವಿನಲ್ಲಿ ಅದಕ್ಕಿಂತ ಬಹಳ ಅಗ್ಗ, ತಮ್ಮನಿಗೆ ಕೈಗೆ ಸಿಗುವುದು ಅದಕ್ಕಿಂತಲೂ ಕಮ್ಮಿ. ಹಾಗಾಗಿ ದುಡ್ಡು ಉಳಿಸೋಕೆ ಬೆಳೆಯಿರಿ ಅಂತ ನಾನು ಯಾರಿಗೂ ಹೇಳೋದಿಲ್ಲ. ಹಾಗೆ ಹೇಳುವವರ ಖರ್ಚಿನ ಚೀಟಿ ಕೇಳಿ ನೋಡಿ. ಆದರೆ ಹೋದ ವರ್ಷ 1,330 ಇದ್ದದ್ದು 68ಕ್ಕೆ ಇಳಿದಿದೆ. ಇಳಿದದ್ದು ನಾನು ಜಾಣನಾದೆ ಅಂತ ಅಲ್ಲ, ಹೋದ ಸಲ ಯಾವ ನಂಬರು ಯಾಕೆ ಸತ್ತಿತು ಅಂತ ಬರೆದಿಟ್ಟಿದ್ದೆ.

ಪತ್ರ ಬರೆದ ಆ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಕುಂಡ ಮಾರುವ ಮುಂಚೆ ಒಂದು ಹಾಳೆ ತೆಗೆದುಕೊಂಡು ನಿಮ್ಮ ಗಿಡಗಳು ಒಂದೊಂದೂ ಯಾಕೆ ಹೋದವು ಅಂತ ಬರೆಯಿರಿ. "ನನ್ನ ಕೈಗುಣ ಸರಿಯಿಲ್ಲ" ಅಂತ ಬರೆಯಬೇಡಿ, ಕೈಗುಣ ಅನ್ನುವುದು ಯಾವ ಸ್ಟೇಜಿನಲ್ಲೂ ಹತ್ತಿದ್ದನ್ನು ನಾನು ನೋಡಿಲ್ಲ. ಹೂ ಉದುರಿತೋ, ಎಲೆ ಮಡಚಿತೋ, ಕಾಯಿಯ ತುದಿ ಕಪ್ಪಾಯಿತೋ, ಹಸಿರಾಗಿರುವಾಗಲೇ ಜೋತು ಬಿತ್ತೋ. ನಾಲ್ಕೂ ಬೇರೆ ಬೇರೆ ಕಾಯಿಲೆ, ಎಲ್ಲಕ್ಕೂ ಒಂದೇ ಕಷಾಯ ಕುಡಿಸೋಕೆ ಆಗುವುದಿಲ್ಲ. ಈಗ ಬೇಸಿಗೆ ಬಂತು, ಈಗ ನೆಡಬೇಡಿ. ಕುಂಡ ಬೋರಲು ಹಾಕಿಡಿ. ಸೆಪ್ಟೆಂಬರ್‌ನಲ್ಲಿ ನೋಡೋಣ.

ನಿಮ್ಮಲ್ಲಿಯೂ ಒಂದು ಮನವಿ, ಸಂಪಾದಕರೇ. ನಿಮ್ಮ ಪುರವಣಿಯಲ್ಲಿ ತಾರಸಿ ತೋಟ ಅಂದರೆ ಯಾವಾಗಲೂ ತುಂಬಿದ ಬುಟ್ಟಿ ಹಿಡಿದು ನಗುವವರ ಫೋಟೊ. ನೋಡಿ ನೋಡಿ ನಾನೂ ಹದಿನಾಲ್ಕು ಸಸಿ ತಂದವನು. ತಿಂಗಳಿಗೊಮ್ಮೆ ಒಂದು ಸತ್ತ ಗಿಡದ ಫೋಟೊ ಹಾಕಿ, ಪಕ್ಕದಲ್ಲಿ ಅದು ಯಾಕೆ ಸತ್ತಿತು ಅಂತ ತಿಳಿದವರಿಂದ ನಾಲ್ಕು ಸಾಲು ಬರೆಸಿ. ಹಾಗೇ ತೋಟಗಾರಿಕೆ ಇಲಾಖೆಯವರು ಮನಸ್ಸು ಮಾಡಿ ಲಾಲ್‌ಬಾಗ್‌ನಲ್ಲಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಗಿಡಗಳಿಗೆ ಆಸ್ಪತ್ರೆಯಲ್ಲಿರುವ ಹಾಗೆ ಒಂದು ಓಪಿಡಿ ಇಟ್ಟರೆ, ರೋಗ ಬಂದ ರೆಂಬೆಯನ್ನು ಕವರಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತುವವರು ಬಹಳ ಜನ ಇದ್ದಾರೆ. ಗಾಜಿನ ಲೋಟ ನಾನು ತರುತ್ತೇನೆ.

ಕೊನೆಗೆ ಒಂದು. ಉಳಿದ ನಾಟಿ ಗಿಡದ ಚೆನ್ನಾಗಿರುವ ಎರಡು ಹಣ್ಣು ಬೀಜಕ್ಕೆ ಬಿಟ್ಟಿದ್ದೆ. ಮೊನ್ನೆ ತೊಳೆದು, ಸಿಕ್ಕಿದ ಪೇಪರಿನ ಮೇಲೆ ಹರಡಿ ಒಣಗಿಸಿದೆ. ಆಮೇಲೆ ನೋಡಿದರೆ ಅದು ಕಳೆದ ವಾರದ ಇದೇ ಪುಟ, ಆ ಪತ್ರದ ಮೇಲೇ ಬೀಜ ಅಂಟಿಕೊಂಡಿವೆ. ಬಿಡಿಸಲು ಹೋದರೆ ಹಾಳೆ ಹರಿಯುತ್ತದೆ. ಹಾಗೇ ಮಡಚಿ ಈ ಕವರಿನಲ್ಲಿ ಇಟ್ಟಿದ್ದೇನೆ, ದಯವಿಟ್ಟು ಆ ಓದುಗರಿಗೆ ತಲುಪಿಸಿ. ಚೂರು ಚೂರು ಹರಿದು ಕಾಗದ ಸಮೇತ ಮಣ್ಣಿಗೆ ಹಾಕಿದರೂ ಮೊಳೆಯುತ್ತವೆ.

ಷರತ್ತು ಹೇಳುತ್ತೇನೆ ಅಂದಿದ್ದೆನಲ್ಲ. ಶಿವರಾತ್ರಿ ಆದ ಮರುದಿನದಿಂದ ತಾರಸಿ ಅವಳದು. ಕೆಳಗೆ ಸಂಡಿಗೆ ಹಿಟ್ಟು ಬೇಯುತ್ತಿರುವ ವಾಸನೆ ಬರುತ್ತಿದೆ, ಎರಡು ಸಲ ಕರೆದಾಯಿತು. ಡಬ್ಬ ಸರಿಸಿ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಕಂಡಕ್ಟರ್
ಲಗ್ಗೆರೆ, ಬೆಂಗಳೂರು